ಫೋಟೋ ನೋಡುವ ಡಾಕ್ಟರು, ಕರೆಂಟ್ ಕೊಡುವ ಡಾಕ್ಟರು

ಮೊನ್ನೆ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಗುರುವಾಯನಕೆರೆ ಕಡೆಯ ಅಡಿಕೆ ಕೃಷಿಕರೊಬ್ಬರು ಸಿಕ್ಕಿದರು. ಹಿಂದೊಮ್ಮೆ ಕೊಳೆರೋಗದ ಸುದ್ದಿ ಮಾಡಲು ಅವರ ತೋಟಕ್ಕೆ ಹೋಗಿದ್ದೆವು, ಆಗಿನ ಪರಿಚಯ. ಮಗ ಎಂ.ಬಿ.ಬಿ.ಎಸ್. ಮುಗಿಸಿದ್ದಾನೆ, ಮುಂದೆ ಎಂ.ಡಿ. ಮಾಡಬೇಕು. ಮನೆಯಲ್ಲಿ ತಿಂಗಳಿನಿಂದ ಅದೇ ಮಾತಂತೆ.

"ಒಂದು ರೇಡಿಯಾಲಜಿ ಅಂತೆ, ಇನ್ನೊಂದು ರೇಡಿಯೇಷನ್ ಆಂಕಾಲಜಿ ಅಂತೆ. ಮೊದಲನೆಯದು ಸಿಕ್ಕಿದರೆ ಪುಣ್ಯ, ಸಿಗದಿದ್ದರೆ ಎರಡನೆಯದು ಅಂತಾನೆ. ಎರಡರಲ್ಲೂ ರೇಡಿಯೋ ಉಂಟಲ್ಲ ಮಾರಾಯ್ರೆ, ವ್ಯತ್ಯಾಸ ಎಂತದು?" ಎಂದು ಕೇಳಿದರು.

ಹತ್ತು ವರ್ಷದಿಂದ ತಾಲೂಕು ಆಸ್ಪತ್ರೆಯ ಸುದ್ದಿ ಬರೆಯುವವರು ನಾವು. ಆದರೂ ಥಟ್ಟನೆ ಉತ್ತರ ಬರಲಿಲ್ಲ. "ಒಬ್ಬರು ಒಳಗಿನ ಫೋಟೋ ನೋಡಿ ರೋಗ ಯಾವುದೆಂದು ಹೇಳುವವರು, ಇನ್ನೊಬ್ಬರು ಕ್ಯಾನ್ಸರಿಗೆ ಕರೆಂಟ್ ಕೊಡುವವರು" ಎಂದೆವು. "ಹಾಗಾದರೆ ಹೆಸರು ಯಾಕೆ ಒಂದೇ?" ಎಂದರು. ಅಷ್ಟರಲ್ಲಿ ಧರ್ಮಸ್ಥಳದ ಬಸ್ ಬಂತು, ಅವರು ಹತ್ತಿದರು. ಪ್ರಶ್ನೆ ನಮ್ಮ ಜೊತೆ ಉಳಿಯಿತು.

ಉಳಿಯಲು ಇನ್ನೊಂದು ಕಾರಣವೂ ಇದೆ. ನಮ್ಮ ಚಿಕ್ಕಪ್ಪನಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಈ ಎರಡೂ ಬಗೆಯ ಡಾಕ್ಟರುಗಳ ಬಾಗಿಲಲ್ಲಿ ನಾವು ಕುಳಿತು ಕಾದಿದ್ದೇವೆ. ಆದ್ದರಿಂದ ಆ ಕೃಷಿಕರಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇವೆ. ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಒಂದೇ ಗಾಜಿನ ಬುರುಡೆ

1895ರ ನವೆಂಬರ್ 8, ಶುಕ್ರವಾರ. ಜರ್ಮನಿಯ ವುರ್ಟ್ಸ್‌ಬರ್ಗ್ ಎಂಬ ಊರಿನ ಪ್ರಾಧ್ಯಾಪಕ ವಿಲ್ಹೆಲ್ಮ್ ರಾಂಟ್ಜನ್ ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ವಿದ್ಯುತ್ ಹರಿಸಿ ನೋಡುತ್ತಿದ್ದರು. ಬುರುಡೆಗೆ ಕಪ್ಪು ಕಾಗದ ಸುತ್ತಿದ್ದರೂ ದೂರದಲ್ಲಿದ್ದ ರಾಸಾಯನಿಕ ಬಳಿದ ಪರದೆ ಮಿನುಗಿತು. ಕಾಗದ ದಾಟಿ ಹೋಗುವ ಆ ಕಿರಣ ಯಾವುದೆಂದು ಗೊತ್ತಾಗದೆ ಅದಕ್ಕೆ ಎಕ್ಸ್ ಎಂದು ಹೆಸರಿಟ್ಟರು. ಡಿಸೆಂಬರ್ 22ರಂದು ಹೆಂಡತಿಯ ಕೈಯನ್ನು ಆ ಕಿರಣದ ದಾರಿಯಲ್ಲಿ ಇರಿಸಿ ಚಿತ್ರ ತೆಗೆದರು. ಎಲುಬು ಕಂಡಿತು, ಬೆರಳಿನ ಉಂಗುರವೂ ಕಂಡಿತು. ಈ ಶೋಧಕ್ಕೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ. 1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಅವರಿಗೇ ಬಂತು.

ಸುದ್ದಿ ಹರಡಿದ್ದು ಬೇಗ. 1897-98ರಲ್ಲಿ ವಾಯವ್ಯ ಗಡಿಯ ತಿರಾ ಯುದ್ಧದಲ್ಲಿ ಬ್ರಿಟಿಷ್ ಸೇನಾ ವೈದ್ಯರು ಗಾಯಾಳುಗಳ ಮೈಯೊಳಗಿನ ಗುಂಡು ಹುಡುಕಲು ಎಕ್ಸ್‌ರೇ ಬಳಸಿದ್ದರು. ಕಲ್ಕತ್ತಾದಲ್ಲಿ ಜಗದೀಶ ಚಂದ್ರ ಬೋಸರು ತಾವೇ ಎಕ್ಸ್‌ರೇ ಉಪಕರಣ ಕಟ್ಟಿದರು, ವೈದ್ಯ ನೀಲರತನ ಸರ್ಕಾರ್ ತಮ್ಮ ರೋಗಿಗಳಿಗೆ ಅದನ್ನು ಬಳಸಿದರು.

ಆದರೆ ಚಿತ್ರ ತೆಗೆಯುವವರಿಗೆ ಕೆಲವೇ ತಿಂಗಳಲ್ಲಿ ಇನ್ನೊಂದು ವಿಷಯ ಗಮನಕ್ಕೆ ಬಂತು. ಕೈಯ ಚರ್ಮ ಕೆಂಪಾಗುತ್ತಿತ್ತು, ಸುಲಿಯುತ್ತಿತ್ತು, ಕೂದಲು ಉದುರುತ್ತಿತ್ತು. ಬುರುಡೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಅವರು ದಿನಾ ತಮ್ಮದೇ ಕೈಯನ್ನು ಅಡ್ಡ ಹಿಡಿಯುತ್ತಿದ್ದರು. ಅಮೆರಿಕದಲ್ಲಿ ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಹೀಗೆಯೇ ಎರಡೂ ಕೈ ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಎಡಿಸನ್ ಎಕ್ಸ್‌ರೇ ಕೆಲಸವನ್ನೇ ಬಿಟ್ಟುಬಿಟ್ಟರು.

ಒಳ್ಳೆಯ ಚರ್ಮವನ್ನೇ ಸುಡುವ ಕಿರಣ ಕೆಟ್ಟ ಗಡ್ಡೆಯನ್ನು ಸುಡಲಾರದೇ ಎಂದು ಕೆಲವು ವೈದ್ಯರು ಯೋಚಿಸಿದರು. 1896ರಲ್ಲೇ ಫ್ರಾನ್ಸಿನ ಲಿಯೋನ್ ಪಟ್ಟಣದ ವಿಕ್ಟರ್ ಡೆಸ್ಪೇನ್ ಹೊಟ್ಟೆಯ ಕ್ಯಾನ್ಸರಿಗೆ ಎಕ್ಸ್‌ರೇ ಕೊಟ್ಟು ನೋಡಿದರು. ಅದೇ ವರ್ಷ ವಿಯೆನ್ನಾದ ಲಿಯೋಪೋಲ್ಡ್ ಫ್ರಾಯ್ಂಡ್ ಒಬ್ಬ ಪುಟ್ಟ ಹುಡುಗಿಯ ಬೆನ್ನಿನ ಕೂದಲಿನ ಮಚ್ಚೆಗೆ ಕೊಟ್ಟರು. ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ ಕಂಡುಹಿಡಿದ ಮೇಲೆ ಸುಡುವುದಕ್ಕೆ ಎರಡನೆಯ ಕೊಳ್ಳಿ ಸಿಕ್ಕಿತು.

ನೆರಳು ತೋರಿಸುವುದು, ಸುಡುವುದು ಎರಡೂ ಒಂದೇ ಬುರುಡೆಯ ಕೆಲಸ. ಹಾಗಾಗಿ ಎರಡಕ್ಕೂ ಒಬ್ಬರೇ ಡಾಕ್ಟರು. ಬೆಳಿಗ್ಗೆ ಮುರಿದ ಕಾಲಿನ ಚಿತ್ರ, ಮಧ್ಯಾಹ್ನ ಸ್ತನದ ಗಡ್ಡೆಗೆ ಚಿಕಿತ್ಸೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ 1936ರಲ್ಲಿ ಎಕ್ಸ್‌ರೇ ಮತ್ತು ರೇಡಿಯಂನಿಂದ ಸತ್ತ ವೈದ್ಯರು, ವಿಜ್ಞಾನಿಗಳು, ದಾದಿಯರ ನೆನಪಿಗೆ ಕಲ್ಲು ನಿಲ್ಲಿಸಿದರು. ಮೊದಲು 169 ಹೆಸರು ಇದ್ದದ್ದು ಆಮೇಲೆ 300 ದಾಟಿತು. ಫೋಟೋ ತೆಗೆದವರು, ಚಿಕಿತ್ಸೆ ಕೊಟ್ಟವರು ಎಂಬ ಭೇದ ಅಲ್ಲಿ ಇಲ್ಲ.

ನಮ್ಮ ಜಿಲ್ಲೆ ಮದ್ರಾಸಿನಲ್ಲಿದ್ದಾಗ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಲ್ಲವೂ ಆಗ ದಕ್ಷಿಣ ಕನ್ನಡ ಜಿಲ್ಲೆಯಾಗಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. 1848ರಲ್ಲಿ ಶುರುವಾದ ಮಂಗಳೂರಿನ ದೊಡ್ಡಾಸ್ಪತ್ರೆಗೆ ವೆನ್ಲಾಕ್ ಎಂಬ ಹೆಸರು ಬಂದದ್ದೇ ಮದ್ರಾಸಿನ ಗವರ್ನರರೊಬ್ಬರಿಂದ. ನಮ್ಮ ಕಡೆಯ ಹುಡುಗರು ಸರ್ಕಾರಿ ಕಾಲೇಜಿನಲ್ಲಿ ಡಾಕ್ಟರಿಕೆ ಓದಬೇಕಾದರೆ ಮದ್ರಾಸಿನ ಕಡೆಗೇ ನೋಡಬೇಕಿತ್ತು.

ಅಲ್ಲಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ 1934ರಲ್ಲಿ ಬರ್ನಾರ್ಡ್ ರೇಡಿಯಾಲಜಿ ಸಂಸ್ಥೆ ತೆರೆಯಿತು. ಅದನ್ನು ಕಟ್ಟಿದ ಬರ್ನಾರ್ಡ್ ಎಂಬ ವೈದ್ಯಾಧಿಕಾರಿಯ ಹೆಸರನ್ನೇ ಅದಕ್ಕೆ ಇಟ್ಟರು. ಹೆಸರಿನಲ್ಲಿ ರೇಡಿಯಾಲಜಿ ಎಂದಷ್ಟೇ ಇದ್ದರೂ ಒಂದೇ ಸೂರಿನಡಿ ಚಿತ್ರ ತೆಗೆಯುವ ಯಂತ್ರವೂ ಇತ್ತು, ಕ್ಯಾನ್ಸರಿಗೆ ಆಳದ ಎಕ್ಸ್‌ರೇ ಮತ್ತು ರೇಡಿಯಂ ಕೊಡುವ ವ್ಯವಸ್ಥೆಯೂ ಇತ್ತು. ಅಲ್ಲಿ ಕಲಿತವನು ಎರಡನ್ನೂ ಕಲಿಯುತ್ತಿದ್ದ. ಗುರುವಾಯನಕೆರೆಯ ಆ ಹುಡುಗ ಆ ಕಾಲದಲ್ಲಿ ಓದಿದ್ದರೆ ಅವನಿಗೆ ಇದೋ ಅದೋ ಎಂಬ ಪ್ರಶ್ನೆಯೇ ಇರುತ್ತಿರಲಿಲ್ಲ.

ಮದ್ರಾಸಿನಲ್ಲೇ ಇನ್ನೊಂದು ಕೆಲಸ ನಡೆಯಿತು. ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ತಂಗಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಕ್ಯಾನ್ಸರಿಗಾಗಿಯೇ ಒಂದು ಆಸ್ಪತ್ರೆ ಬೇಕು ಎಂದು ಅವರು ವರ್ಷಗಟ್ಟಲೆ ಹಣ ಕೂಡಿಸಿ ಓಡಾಡಿದರು. 1954ರಲ್ಲಿ ಅಡ್ಯಾರಿನಲ್ಲಿ 12 ಹಾಸಿಗೆಯ ಕ್ಯಾನ್ಸರ್ ಸಂಸ್ಥೆ ಶುರುವಾಯಿತು. ಅಲ್ಲಿ ಕ್ಯಾನ್ಸರ್ ಎನ್ನುವುದು ರೇಡಿಯಾಲಜಿ ವಿಭಾಗದ ಮೂಲೆಯ ಕೆಲಸವಾಗಿ ಉಳಿಯಲಿಲ್ಲ. ಅದೇ ಇಡೀ ಆಸ್ಪತ್ರೆಯಾಯಿತು. ಮನೆ ಪಾಲಾಗುವ ಸೂಚನೆ ನಮಗೆ ಕಾಣುವುದು ಇಲ್ಲಿ.

ಪ್ಯಾರಿಸಿನ ಟಗರು

ಕರೆಂಟ್ ಎಂದರೆ ಒಂದೇ ಸಲ ಕೊಟ್ಟು ಮುಗಿಸಬಾರದೇ, ದಿನಾ ಯಾಕೆ ಕರೆಯುತ್ತಾರೆ ಎಂದು ನಮ್ಮ ಚಿಕ್ಕಪ್ಪ ಕೇಳುತ್ತಿದ್ದರು. ಅದಕ್ಕೆ ಉತ್ತರ ಪ್ಯಾರಿಸಿನ ಒಂದು ಟಗರಿನಲ್ಲಿದೆ.

ಅಲ್ಲಿನ ರೇಡಿಯಂ ಸಂಸ್ಥೆಯಲ್ಲಿ ಕ್ಲಾಡ್ ರೆಗೋ ಎಂಬ ವಿಜ್ಞಾನಿ ಟಗರಿನ ಬೀಜದ ಮೇಲೆ ಪ್ರಯೋಗ ಮಾಡಿದರು. ಒಂದೇ ಸಲ ದೊಡ್ಡ ಪ್ರಮಾಣದಲ್ಲಿ ಎಕ್ಸ್‌ರೇ ಕೊಟ್ಟರೆ ಮೇಲಿನ ಚರ್ಮ ಸುಟ್ಟು ಹುಣ್ಣಾಗುತ್ತಿತ್ತು, ಆದರೂ ಟಗರು ಪೂರ್ತಿ ಬಂಜೆಯಾಗುತ್ತಿರಲಿಲ್ಲ. ಅದನ್ನೇ ಪಾಲು ಮಾಡಿ ಕೆಲವು ದಿನಗಳಲ್ಲಿ ಕೊಟ್ಟರೆ ಬಂಜೆಯಾಗುತ್ತಿತ್ತು, ಚರ್ಮ ಉಳಿಯುತ್ತಿತ್ತು. ಒಂದೇ ಸಮನೆ ಒಡೆದು ಬೆಳೆಯುತ್ತಿರುವ ಜೀವಕೋಶ ದಿನಾ ಬೀಳುವ ಸಣ್ಣ ಪೆಟ್ಟಿಗೆ ಸೋಲುತ್ತದೆ, ಪಕ್ಕದ ಒಳ್ಳೆಯ ಕೋಶ ರಾತ್ರಿಯೊಳಗೆ ಸುಧಾರಿಸಿಕೊಳ್ಳುತ್ತದೆ. ಕ್ಯಾನ್ಸರ್ ಗಡ್ಡೆಯೂ ಒಡೆದು ಬೆಳೆಯುವಂಥದ್ದೇ. ಅದೇ ಸಂಸ್ಥೆಯ ಆನ್ರಿ ಕುಟಾರ್ 1920ರ ದಶಕದಲ್ಲಿ ಗಂಟಲಿನ ಕ್ಯಾನ್ಸರಿಗೆ ಈ ಕ್ರಮವನ್ನೇ ಹಿಡಿದರು.

ಈಗ ಜಗತ್ತಿನ ಎಲ್ಲ ಕಡೆ ಬಹುತೇಕ ವಿಕಿರಣ ಚಿಕಿತ್ಸೆ ಹೀಗೆ ದಿನಾ ಸ್ವಲ್ಪ ಸ್ವಲ್ಪವಾಗಿಯೇ ನಡೆಯುತ್ತದೆ. ವಾರಕ್ಕೆ ಐದು ದಿನ, ಕೆಲವು ಕ್ಯಾನ್ಸರಿಗೆ ಆರೇಳು ವಾರ. ನಡುವೆ ತಪ್ಪಿಸಿದರೆ ಗಡ್ಡೆ ಮತ್ತೆ ಚಿಗುರಲು ಎಡೆ ಸಿಗುತ್ತದೆ. ಈ ಲೇಖನದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮದುವೆ ಇರಲಿ, ನೇಮ ಇರಲಿ, ಅಡಿಕೆ ಕೊಯ್ಲು ಇರಲಿ, ಕರೆಂಟಿನ ದಿನ ತಪ್ಪಿಸಬಾರದು.

ರೋಗಿಯನ್ನು ಆರೇಳು ವಾರ ದಿನಾ ನೋಡುವ ಡಾಕ್ಟರಿನ ಬದುಕು, ಒಂದು ಚಿತ್ರ ನೋಡಿ ಮುಂದಿನ ಚಿತ್ರಕ್ಕೆ ಹೋಗುವ ಡಾಕ್ಟರಿನ ಬದುಕಿಗಿಂತ ಬೇರೆಯಾಗಲೇಬೇಕಿತ್ತು. ಆ ಅಂತರಕ್ಕೆ ಟಗರಿನ ಪ್ರಯೋಗವೂ ಒಂದು ಕಾರಣ.

ಪಾಲು ಆದದ್ದು

1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್-60 ಯಂತ್ರದಿಂದ ಮೊದಲ ಚಿಕಿತ್ಸೆ ನಡೆಯಿತು. ಎಕ್ಸ್‌ರೇ ಬುರುಡೆಗಿಂತ ಆಳಕ್ಕೆ ಇಳಿಯುವ, ಚರ್ಮವನ್ನು ಕಡಿಮೆ ಸುಡುವ ಕಿರಣ ಅದರದು. ಅಲ್ಲಿಂದ ಚಿಕಿತ್ಸೆಯ ಯಂತ್ರ ಮತ್ತು ಚಿತ್ರದ ಯಂತ್ರ ಬೇರೆ ಬೇರೆಯಾದವು. ಚಿಕಿತ್ಸೆಗೆ ದಪ್ಪ ಗೋಡೆಯ ಕೋಣೆ ಬೇಕಾಯಿತು, ಲೆಕ್ಕ ಹಾಕಲು ಭೌತಶಾಸ್ತ್ರ ಓದಿದವರು ಬೇಕಾದರು.

ಇತ್ತ ಚಿತ್ರದ ಕಡೆಯೂ ಹೊಸ ನೆಂಟರು ಬಂದರು. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಶಬ್ದದ ಅಲೆಯಿಂದ ಗರ್ಭದೊಳಗಿನ ಮಗುವಿನ ಚಿತ್ರ ತೋರಿಸಿದರು. ಲೋಹದಲ್ಲಿ ಬಿರುಕು ಹುಡುಕಲು ಬಳಸುತ್ತಿದ್ದ ಯಂತ್ರದಿಂದ ಅವರಿಗೆ ಈ ದಾರಿ ಹೊಳೆದಿತ್ತು. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ಸಿ.ಟಿ. ಸ್ಕ್ಯಾನ್ ಆಯಿತು. ಅದನ್ನು ಮಾಡಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಕೆಲಸ ಮಾಡುತ್ತಿದ್ದದ್ದು ಇಎಂಐ ಕಂಪನಿಯಲ್ಲಿ. ನಮ್ಮ ಅಜ್ಜಂದಿರ ಮನೆಯ ಗ್ರಾಮಫೋನ್ ತಟ್ಟೆಯ ಮೇಲೆ ನಾಯಿಯ ಚಿತ್ರ ಇರುತ್ತಿತ್ತಲ್ಲ, ಆ ಎಚ್‌ಎಂವಿ ಇದೇ ಕಂಪನಿಯದು. ಆಮೇಲೆ ಎಂ.ಆರ್.ಐ. ಬಂತು.

ಇಲ್ಲಿ ಒಂದು ವಿಷಯ ಗಮನಿಸಿ. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಇರುವುದು ಶಬ್ದ, ಎಂ.ಆರ್.ಐ.ಯಲ್ಲಿ ಇರುವುದು ಅಯಸ್ಕಾಂತ ಮತ್ತು ರೇಡಿಯೋ ಅಲೆ. ಎರಡರಲ್ಲೂ ಎಕ್ಸ್‌ರೇಯಂಥ ವಿಕಿರಣ ಇಲ್ಲ. ಆದರೂ ಅವನ್ನು ನೋಡುವವರು ರೇಡಿಯಾಲಜಿಸ್ಟರೇ. ಅಂದರೆ ಪಾಲು ಆಗುವಾಗ ಒಬ್ಬರು ಚಿತ್ರವನ್ನು ಹಿಡಿದುಕೊಂಡರು, ಅದು ಯಾವುದರಿಂದ ಬಂದರೂ ಸರಿ. ಇನ್ನೊಬ್ಬರು ಕಿರಣವನ್ನು ಹಿಡಿದುಕೊಂಡರು, ಅದರಿಂದ ಮಾಡುವುದು ಚಿಕಿತ್ಸೆ ಮಾತ್ರ. ಹೆಸರು ಮಾತ್ರ ಇಬ್ಬರಲ್ಲೂ ಉಳಿಯಿತು, ಪಾಲಾಗಿ ಬೇರೆ ಒಲೆ ಹೂಡಿದ ಮೇಲೂ ತರವಾಡು ಮನೆಯ ಹೆಸರು ಉಳಿಯುವ ಹಾಗೆ. ಗುರುವಾಯನಕೆರೆಯ ಯಜಮಾನರೇ, ನಿಮ್ಮ ಪ್ರಶ್ನೆಗೆ ಉತ್ತರ ಇದು.

ಭಾರತದಲ್ಲಿ ಎರಡೂ ಸೇರಿದ್ದ ರೇಡಿಯಾಲಜಿ ಓದು ಹಂತಹಂತವಾಗಿ ಎರಡು ಎಂ.ಡಿ. ಆಯಿತು. ಚಿತ್ರದ್ದು ರೇಡಿಯೋ ಡಯಾಗ್ನೋಸಿಸ್, ಚಿಕಿತ್ಸೆಯದ್ದು ರೇಡಿಯೋಥೆರಪಿ. ಎರಡನೆಯದಕ್ಕೆ ಈಗ ರೇಡಿಯೇಷನ್ ಆಂಕಾಲಜಿ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಮಾತ್ರ ಇವತ್ತಿಗೂ ಇಬ್ಬರಿಗೂ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ಎಂಬ ಒಂದೇ ಚಾವಡಿ.

ನಮ್ಮ ಕಡೆಯಲ್ಲೂ ಇದೇ ಕಾಲದಲ್ಲಿ ದಾರಿಗಳು ಬದಲಾದವು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು, ಮಂಗಳೂರಿನಲ್ಲಿ ಅದರ ವಿದ್ಯಾರ್ಥಿಗಳು ವೆನ್ಲಾಕ್ ಆಸ್ಪತ್ರೆಯಲ್ಲಿ ಕಲಿತರು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1973ರ ಜೂನ್ 26ರಂದು ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಶುರುವಾಯಿತು. ಅದರ ಸ್ಥಾಪಕ ನಿರ್ದೇಶಕ ಡಾ. ಎಂ. ಕೃಷ್ಣ ಭಾರ್ಗವ. ಬಡವರ ಮನೆಯಲ್ಲಿ ಕ್ಯಾನ್ಸರ್ ಎಂದರೆ ಕಿದ್ವಾಯಿ ಎಂಬಷ್ಟು ಆ ಹೆಸರು ಬಳಕೆಗೆ ಬಂತು. ಘಟ್ಟ ಹತ್ತಿ ರಾತ್ರಿ ಬಸ್ಸಿನಲ್ಲಿ ಹೋಗಿ ಅಲ್ಲಿ ತಿಂಗಳುಗಟ್ಟಲೆ ಉಳಿದವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ನಂತರ ಮಣಿಪಾಲ, ಮಂಗಳೂರು, ದೇರಳಕಟ್ಟೆಗಳಲ್ಲೇ ಈ ಚಿಕಿತ್ಸೆ ಸಿಗುವಂತಾಯಿತು.

ನೆರಳು ಬಂತು, ಬೆಂಕಿ ಬರಲಿಲ್ಲ

ಈಗ ನಮ್ಮ ಮೂರು ತಾಲೂಕುಗಳನ್ನು ನೋಡೋಣ. ಬಿ.ಸಿ.ರೋಡು, ಬೆಳ್ತಂಗಡಿ, ಉಜಿರೆ, ಮೂಡುಬಿದಿರೆ, ಯಾವ ಪೇಟೆಗೆ ಹೋದರೂ ಸ್ಕ್ಯಾನಿಂಗ್ ಎಂಬ ಬೋರ್ಡ್ ಕಾಣುತ್ತದೆ. ನಮ್ಮ ತಾಯಂದಿರ ಕಾಲದಲ್ಲಿ ಬಸುರಿಯ ಹೊಟ್ಟೆಯನ್ನು ಸೂಲಗಿತ್ತಿ ಕೈಯಿಂದ ಮುಟ್ಟಿ ಹೇಳುತ್ತಿದ್ದಳು. ಈಗ ನಾರಾವಿಯ ಹೆಣ್ಣುಮಗಳು ಪೇಟೆಗೆ ಬಂದು ಪರದೆಯಲ್ಲಿ ಮಗುವಿನ ಎದೆಬಡಿತ ನೋಡಿ ಹೋಗುತ್ತಾಳೆ. ಇದು ಸಣ್ಣ ಬದಲಾವಣೆ ಅಲ್ಲ.

ಕರೆಂಟ್ ಕೊಡಿಸಲು ಮಾತ್ರ ಇವತ್ತಿಗೂ ನಾವು ಹೊಳೆ ದಾಟಿ ಮಂಗಳೂರಿನ ಕಡೆಗೋ ಮಣಿಪಾಲದ ಕಡೆಗೋ ಹೋಗಬೇಕು.

ಯಾಕೆ? ಚಿತ್ರದ ಯಂತ್ರವನ್ನು ಒಂದು ಅಂಗಡಿ ಕೋಣೆಯಲ್ಲಿ ಇಡಬಹುದು. ಚಿಕಿತ್ಸೆಯ ಯಂತ್ರಕ್ಕೆ ಕಿರಣ ಬೀಳುವ ಕಡೆ ಸುಮಾರು ಎರಡು ಮೀಟರ್ ದಪ್ಪದ ಕಾಂಕ್ರೀಟ್ ಗೋಡೆ ಬೇಕು, ಕೋಟಿಗಟ್ಟಲೆ ಹಣ ಬೇಕು, ಭೌತವಿಜ್ಞಾನಿ ಬೇಕು, 1983ರಲ್ಲಿ ಶುರುವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಆ ಕಟ್ಟುನಿಟ್ಟು ಸುಮ್ಮನೆ ಅಲ್ಲ. 1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ ಬಿಟ್ಟುಹೋದ ಚಿಕಿತ್ಸಾ ಯಂತ್ರವನ್ನು ಗುಜರಿಗೆ ಒಡೆದರು. ಒಳಗಿದ್ದ ಸೀಸಿಯಂ ಪುಡಿ ಕತ್ತಲಲ್ಲಿ ಹೊಳೆಯುತ್ತದೆ ಎಂದು ಮನೆಮನೆಗೆ ಹಂಚಿಕೊಂಡರು, ನಾಲ್ವರು ಸತ್ತರು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲೂ ಕೋಬಾಲ್ಟ್ ಇದ್ದ ಪ್ರಯೋಗಾಲಯದ ಹಳೆಯ ಯಂತ್ರ ಒಡೆದು ಒಬ್ಬರು ಜೀವ ಕಳೆದುಕೊಂಡರು. ಈಗಿನ ಲೀನಿಯರ್ ಆಕ್ಸಿಲರೇಟರ್ ಯಂತ್ರದಲ್ಲಿ ಕೋಬಾಲ್ಟ್ ಇರುವುದಿಲ್ಲ. ವಿದ್ಯುತ್ತಿನಿಂದಲೇ ಕಿರಣ ಹುಟ್ಟುತ್ತದೆ, ಸ್ವಿಚ್ ಆರಿಸಿದರೆ ನಿಲ್ಲುತ್ತದೆ. ನಮ್ಮ ಜನ ಕರೆಂಟ್ ಎಂದು ಕರೆಯುವುದು ಅಷ್ಟರ ಮಟ್ಟಿಗೆ ಸರಿಯೇ. ಆದರೆ ಗೋಡೆ, ಪರವಾನಗಿ, ಖರ್ಚು ಯಾವುದೂ ತಪ್ಪಿದ್ದಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಚಿತ್ರ ತಂತಿಯಲ್ಲಿ ಓಡುತ್ತದೆ. ಬೆಂಗಳೂರಿನಲ್ಲಿ 2002ರಲ್ಲಿ ಶುರುವಾದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಸಂಸ್ಥೆ ಅಮೆರಿಕದ ಆಸ್ಪತ್ರೆಗಳ ರಾತ್ರಿ ಹೊತ್ತಿನ ಸ್ಕ್ಯಾನುಗಳನ್ನು ಇಲ್ಲಿ ಹಗಲಿನಲ್ಲಿ ಓದಿ ಕಳಿಸುವ ದಾರಿ ತೋರಿಸಿತು. ಬಂಟ್ವಾಳದ ಸ್ಕ್ಯಾನನ್ನೂ ಎಲ್ಲೋ ಕುಳಿತವರು ಓದಬಹುದು. ಬೆಂಕಿಯನ್ನು ವಾಟ್ಸಾಪಿನಲ್ಲಿ ಕಳಿಸಲು ಆಗುವುದಿಲ್ಲ. ರೋಗಿಯೇ ಅದರ ಬಳಿಗೆ ಹೋಗಬೇಕು.

ಚಿಕ್ಕಪ್ಪನ 33 ದಿನ

ನಮ್ಮ ಚಿಕ್ಕಪ್ಪ ಎಲೆಯಡಿಕೆ ಹೊಗೆಸೊಪ್ಪು ಹಾಕುವವರು. ದನಿ ಒಡೆದು ಮೂರು ತಿಂಗಳಾದರೂ ಕಷಾಯ ಕುಡಿಯುತ್ತಾ ಕೂತರು. ಕೊನೆಗೆ ಒಂದು ಕೇಂದ್ರದಲ್ಲಿ ಕುತ್ತಿಗೆಯ ಸ್ಕ್ಯಾನ್ ಆಯಿತು. ಮಧ್ಯಾಹ್ನದವರೆಗೆ ಕಾದ ಮೇಲೆ ದೊಡ್ಡ ಲಕೋಟೆ ಕೈಗೆ ಬಂತು. ವರದಿ ಇಂಗ್ಲಿಷಿನಲ್ಲಿತ್ತು. "ಫೋಟೋದಲ್ಲಿ ಎಂತ ಉಂಟು?" ಎಂದು ಚಿಕ್ಕಪ್ಪ ಕೌಂಟರಿನಲ್ಲಿ ಕೇಳಿದರು. "ಕಳಿಸಿದ ಡಾಕ್ಟರಿಗೆ ತೋರಿಸಿ" ಎಂದರು. ವರದಿ ಬರೆದ ಡಾಕ್ಟರನ್ನು ನಾವು ನೋಡಲೇ ಇಲ್ಲ. ಆ ರಾತ್ರಿ ನಾವೇ ಫೋನಿನಲ್ಲಿ ಪದಪದ ಹುಡುಕಿ ಅರ್ಥ ಮಾಡಿಕೊಂಡೆವು. ಗೊತ್ತಾದ ಮೇಲೂ ಚಿಕ್ಕಪ್ಪನಿಗೆ ಹೇಳಲಿಲ್ಲ. ಅದು ನಮ್ಮ ತಪ್ಪು.

ಅವರಿಗೆ ಹೇಳಿದ್ದು ಕರೆಂಟ್ ಕೊಡುವ ಡಾಕ್ಟರು. ಎದುರಿನ ಕುರ್ಚಿಯಲ್ಲಿ ಕೂರಿಸಿ, ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು, ಗಡ್ಡೆ ಎಲ್ಲಿದೆ, ಎಷ್ಟು ದಿನ ಬರಬೇಕು, ಬಾಯಿ ಒಣಗುತ್ತದೆ, ನುಂಗಲು ಕಷ್ಟವಾಗುತ್ತದೆ ಎಂದು ಒಂದೊಂದಾಗಿ ಹೇಳಿದರು. ಬಿಸಿನೀರಿನಲ್ಲಿ ಮೆತ್ತಗಾದ ಜಾಳಿಗೆಯ ಹಾಳೆಯನ್ನು ಮುಖದ ಮೇಲೆ ಒತ್ತಿ ಅಚ್ಚು ತೆಗೆದರು. ದಿನಾ ಆ ಮುಖವಾಡ ತೊಡಿಸಿ, ಮೇಜಿಗೆ ಬಿಗಿದು, ತಲೆ ಅಲುಗದಂತೆ ಕಿರಣ ಕೊಟ್ಟರು. ಚಿಕಿತ್ಸೆ ಹತ್ತೇ ನಿಮಿಷ. ಹೋಗಿ ಬರುವುದು ಇಡೀ ದಿನ.

33 ದಿನ. ಮನೆಯಿಂದ ಆಸ್ಪತ್ರೆಗೆ 65 ಕಿಲೋಮೀಟರ್. ಹೋಗಿ ಬಂದದ್ದು ಕೂಡಿಸಿದರೆ 4290 ಕಿಲೋಮೀಟರ್, ಹೆಚ್ಚುಕಡಿಮೆ ಕಾಶಿಗೆ ಹೋಗಿ ಬಂದಷ್ಟು. ಚಿಕಿತ್ಸೆಯ ಖರ್ಚನ್ನು ಆಯುಷ್ಮಾನ್ ಕಾರ್ಡ್ ನೋಡಿಕೊಂಡಿತು. ಚಿಕ್ಕಮ್ಮನಿಗೆ ಸರ್ಕಾರಿ ಬಸ್ ಉಚಿತ. ಚಿಕ್ಕಪ್ಪನ ಟಿಕೆಟ್ಟು, ಇಬ್ಬರ ಊಟ, ಬಿಟ್ಟುಹೋದ ಕೂಲಿ, ಇವೆಲ್ಲ ಯಾವ ಕಾರ್ಡಿನಲ್ಲೂ ಬರಲಿಲ್ಲ. 20ನೆಯ ದಿನದ ಹೊತ್ತಿಗೆ ಗಂಜಿಯೂ ಇಳಿಯುತ್ತಿರಲಿಲ್ಲ, ಇನ್ನು ಸಾಕು ಎಂದರು. ಮರುದಿನ ಬೆಳಿಗ್ಗೆ ಆ ಡಾಕ್ಟರು ಅವರಿಗೆ ಗದರಿದ್ದರಿಂದ ಉಳಿದ ದಿನ ಮುಗಿಸಿದರು. ಈಗ ದನಿ ಸ್ವಲ್ಪ ಗೊರಗೊರ. ಬದುಕಿದ್ದಾರೆ. ಮೂರು ತಿಂಗಳಿಗೊಮ್ಮೆ ತೋರಿಸಲು ಹೋಗುವುದು ಆ ಡಾಕ್ಟರಿಗೇ.

ಇದನ್ನು ಬರೆದದ್ದು ಫೋಟೋ ನೋಡುವವರನ್ನು ಹಳಿಯಲು ಅಲ್ಲ. ಗಡ್ಡೆಯನ್ನು ಕಂಡುಹಿಡಿದದ್ದೇ ಆ ಮುಖ ಕಾಣದ ಡಾಕ್ಟರು. ಅವರ ಚಿತ್ರದ ಮೇಲೆ ಗೆರೆ ಎಳೆದೇ ಇವರು ಕಿರಣ ಬಿಟ್ಟದ್ದು. ಅಂಥ ಒಂದು ಚಿತ್ರ ಇಲ್ಲದಿದ್ದರೆ ಬೆಂಕಿ ಕುರುಡು.

ಹುಡುಗನ ಮುಂದಿರುವ ದಾರಿ

ನೀಟ್ ಪಿ.ಜಿ. ಸೀಟು ಹಂಚುವಾಗ ಮೊದಲ ರ‍್ಯಾಂಕುಗಳವರು ಬಾಚಿಕೊಳ್ಳುವ ಸೀಟುಗಳಲ್ಲಿ ರೇಡಿಯಾಲಜಿ ಒಂದು. ರೇಡಿಯೇಷನ್ ಆಂಕಾಲಜಿ ಅದಕ್ಕಿಂತ ಬಹಳ ಕೆಳಗಿನ ರ‍್ಯಾಂಕಿಗೂ ಸಿಗುತ್ತದೆ. ಓದು ಎರಡಕ್ಕೂ ಮೂರೇ ವರ್ಷ. ಹಾಗಾದರೆ ಅಂತರ ಯಾಕೆ?

ರೇಡಿಯಾಲಜಿ ಓದಿದವನು ತನ್ನ ಊರಿನಲ್ಲೇ ಸ್ಕ್ಯಾನಿಂಗ್ ಕೇಂದ್ರ ಇಡಬಹುದು, ಮನೆಯಿಂದಲೇ ವರದಿ ಬರೆಯಬಹುದು, ಎಲ್ಲ ಬಗೆಯ ಆಸ್ಪತ್ರೆಗೂ ಬೇಕಾಗುತ್ತಾನೆ. ಸಾವು ಅವನ ಎದುರಿನ ಕುರ್ಚಿಯಲ್ಲಿ ಕೂರುವುದು ಅಪರೂಪ. ಆದರೆ ಅಲ್ಲಿಯೂ ಮುಳ್ಳು ಇವೆ. ದಿನಕ್ಕೆ ನೂರಾರು ಚಿತ್ರ, ಒಂದು ಚುಕ್ಕೆ ಕಣ್ಣು ತಪ್ಪಿದರೆ ಒಂದು ಜೀವ. ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ ಕಾನೂನಿನ ಪ್ರಕಾರ ಪ್ರತಿ ಬಸುರಿಯ ಸ್ಕ್ಯಾನಿಗೂ ನಮೂನೆ ತುಂಬಬೇಕು, ತಪ್ಪಿದರೆ ಯಂತ್ರಕ್ಕೆ ಬೀಗ. 2016ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೆಫ್ರಿ ಹಿಂಟನ್ ಇನ್ನು ರೇಡಿಯಾಲಜಿಸ್ಟರನ್ನು ತಯಾರು ಮಾಡುವುದು ನಿಲ್ಲಿಸಬೇಕು, ಯಂತ್ರವೇ ಚಿತ್ರ ಓದುತ್ತದೆ ಎಂದಿದ್ದರು. ಇಷ್ಟು ವರ್ಷವಾದರೂ ಬೇಡಿಕೆ ಇಳಿದಿಲ್ಲ. ಆದರೆ ಯಂತ್ರ ಪಕ್ಕದಲ್ಲಿ ಬಂದು ಕುಳಿತಿರುವುದು ಹೌದು.

ರೇಡಿಯೇಷನ್ ಆಂಕಾಲಜಿ ಓದಿದವನು ಸ್ವಂತ ಬೋರ್ಡ್ ಹಾಕುವುದು ಕಷ್ಟ. ದೊಡ್ಡ ಆಸ್ಪತ್ರೆಯಲ್ಲಿ ಯಂತ್ರ ಇದ್ದಲ್ಲೇ ಅವನ ಕೆಲಸ. ರೋಗಿಯನ್ನು ವರ್ಷಗಟ್ಟಲೆ ನೋಡಬೇಕು, ಕೆಲವರನ್ನು ಕಳಿಸಿಕೊಡಬೇಕು, ಹೆಂಡತಿ ಮಕ್ಕಳಿಗೆ ಅದನ್ನು ಹೇಳಬೇಕು. ತುರ್ತು ರಾತ್ರಿಗಳು ಕಡಿಮೆ, ಆದರೆ ಮನೆಗೆ ಹೊತ್ತು ತರುವ ಭಾರ ಹೆಚ್ಚು. ಗುಣವಾಗಿ ಹತ್ತು ವರ್ಷದ ನಂತರ ಮಗಳ ಮದುವೆಯ ಕಾಗದ ಕೊಡಲು ಬರುವ ರೋಗಿಯೂ ಅವನಿಗೇ ಇರುವುದು.

ಅಡಿಕೆ ಮತ್ತು ಬೀಡಿಯ ನಾಡು ನಮ್ಮದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಇದನ್ನು ನಮ್ಮ ಬೆಳೆಗಾರರು ಒಪ್ಪುವುದಿಲ್ಲ, ಆ ವಾದ ಬೇರೆ ದಿನಕ್ಕಿರಲಿ. ಹೊಗೆಸೊಪ್ಪಿನ ಬಗ್ಗೆ ಯಾರಿಗೂ ವಾದ ಇಲ್ಲ. ಬಾಯಿ, ಗಂಟಲಿನ ಕ್ಯಾನ್ಸರ್ ನಮ್ಮ ಮನೆಗಳಿಗೆ ಹೊಸದಲ್ಲ. ಮೂಡುಬಿದಿರೆಯ ಹಾಸ್ಟೆಲುಗಳಲ್ಲಿ ನೀಟ್ ಓದುತ್ತಿರುವ ಸಾವಿರಾರು ಮಕ್ಕಳಲ್ಲಿ ಕೆಲವರಾದರೂ ಎರಡನೆಯ ದಾರಿಯನ್ನು ರ‍್ಯಾಂಕ್ ಕಡಿಮೆಯಾಯಿತೆಂದು ಅಲ್ಲ, ಬೇಕೆಂದೇ ಹಿಡಿಯಲಿ ಎಂಬುದು ನಮ್ಮ ಆಸೆ. ಮೊದಲ ದಾರಿ ಹಿಡಿದವರು ವಾರಕ್ಕೊಂದು ಸಲವಾದರೂ ಕೋಣೆಯಿಂದ ಹೊರಗೆ ಬಂದು ರೋಗಿಗೆ ಮುಖ ತೋರಿಸಲಿ.

ಇಷ್ಟು ಬರೆದ ಮೇಲೆ ಗುರುವಾಯನಕೆರೆಯ ಯಜಮಾನರಿಗೆ ಫೋನು ಮಾಡಿ ಎಲ್ಲವನ್ನೂ ಓದಿ ಹೇಳಿದೆವು. ಟಗರಿನ ಕಥೆಗೆ ಜೋರಾಗಿ ನಕ್ಕರು. ಮಗ ಇನ್ನೂ ತೀರ್ಮಾನ ಮಾಡಿಲ್ಲ, ಕೌನ್ಸೆಲಿಂಗ್ ಪಟ್ಟಿ ಬರಬೇಕಷ್ಟೇ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಅವನು ಯಾವುದಾದರೂ ಓದಲಿ. ನಿಮ್ಮ ಚಿಕ್ಕಪ್ಪನ ಹಾಗೆ ಯಾರಾದರೂ ಫೋಟೋದಲ್ಲಿ ಎಂತ ಉಂಟು ಅಂತ ಕೇಳಿದರೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಿ ಕಳಿಸಲಿ. ಅಷ್ಟು ನಾನು ಅವನಿಗೆ ಇವತ್ತೇ ಹೇಳ್ತೇನೆ."